ಕಾಲುವೆ ದೋಣಿಯ ಹಿಂಬದಿಗೆ ಮಳೆ ಗಾಳಿ ತಡೆಯುವ ಹೊದಿಕೆ: ದೋಣಿ ಮಾಲೀಕರಿಗೆ ಮತ್ತು ಪರವಾನಗಿ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾಲುವೆಗಳಲ್ಲಿ ಸಂಚರಿಸುವ ಉದ್ದನೆಯ, ಕಿರಿದಾದ ಉಕ್ಕಿನ ದೋಣಿಗಳನ್ನು ನ್ಯಾರೋಬೋಟ್ ಎಂದು ಕರೆಯಲಾಗುತ್ತದೆ. ಈ ದೋಣಿಗಳನ್ನು ನಡೆಸುವವರು ಹಿಂಬದಿಯ ಡೆಕ್ಕಿನಲ್ಲಿ ನಿಂತು, ಚುಕ್ಕಾಣಿಯ ಹಿಡಿಯನ್ನು ಕೈಯಲ್ಲಿ ಹಿಡಿದು ದೋಣಿಯನ್ನು ನಡೆಸುತ್ತಾರೆ. ಅವರ ತಲೆಯ ಮೇಲೆ ಸಾಮಾನ್ಯವಾಗಿ ಯಾವ ಸೂರೂ ಇರುವುದಿಲ್ಲ. ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಮಳೆ ಬೀಳುವ ದೇಶದಲ್ಲಿ ಇದು ಸಣ್ಣ ತೊಂದರೆಯಲ್ಲ. ಆದುದರಿಂದ ಅನೇಕ ಮಾಲೀಕರು, ವಿಶೇಷವಾಗಿ ದೋಣಿಯಲ್ಲಿಯೇ ವಾಸಿಸುವವರು, ಹಿಂಬದಿಗೆ ಬಟ್ಟೆಯ ಹೊದಿಕೆಯನ್ನು ಅಳವಡಿಸಿಕೊಳ್ಳುತ್ತಾರೆ.

ಹೊದಿಕೆಯಿಂದ ದೊರೆಯುವ ಅನುಕೂಲಗಳು ಸ್ಪಷ್ಟವಾಗಿವೆ. ಒದ್ದೆ ಬೂಟು, ಕೋಟುಗಳನ್ನು ಕಳಚಿಡಲು ಒಂದು ಜಾಗ ದೊರೆಯುತ್ತದೆ. ಡೆಕ್ಕಿನ ಹಲಗೆಗಳ ಸಂದಿನಿಂದ ಎಂಜಿನ್ ಇರುವ ತಳಕ್ಕೆ ಇಳಿಯುವ ಮಳೆನೀರು ಕಡಿಮೆಯಾಗುತ್ತದೆ. ಬಾಗಿಲು ತೆರೆದಾಗ ಒಳಗಿನ ಬೆಚ್ಚನೆಯ ಗಾಳಿ ಒಮ್ಮೆಲೇ ಹೊರಹೋಗುವುದಿಲ್ಲ.

ಆದರೆ ಹೊದಿಕೆಯು ಕೇವಲ ಮಳೆಯನ್ನು ತಡೆಯುವ ಬಟ್ಟೆಯಲ್ಲ. ಅದು ತೆರೆದ ಡೆಕ್ಕನ್ನು ಒಂದು ಕೋಣೆಯನ್ನಾಗಿ ಮಾರ್ಪಡಿಸುತ್ತದೆ. ದೋಣಿಯ ಗಾಳಿಕಿಂಡಿ, ಎಂಜಿನ್ನಿನ ಹೊಗೆಕೊಳವೆ, ಅಡುಗೆ ಅನಿಲದ ಸಿಲಿಂಡರ್, ತುರ್ತು ನಿರ್ಗಮನದ ದಾರಿ ಇವೆಲ್ಲವನ್ನೂ ಹಿಂಬದಿ ತೆರೆದಿದೆ ಎಂಬ ಲೆಕ್ಕದಲ್ಲಿಯೇ ರೂಪಿಸಲಾಗಿರುತ್ತದೆ. ಆ ಲೆಕ್ಕ ಬದಲಾದಾಗ ಏನೇನು ಬದಲಾಗುತ್ತದೆ ಎಂಬುದನ್ನು ಹೊದಿಕೆಗೆ ಅಳತೆ ಕೊಡುವ ಮೊದಲೇ ಯೋಚಿಸತಕ್ಕದ್ದು. ಈ ವಿಷಯದಲ್ಲಿ ಮಾಲೀಕರಿಗೆ ನೆರವಾಗುವುದು ಈ ಮಾಹಿತಿಯ ಉದ್ದೇಶವಾಗಿರುತ್ತದೆ.

2. ಕಾಲುವೆಗಳ ನಿರ್ವಹಣೆ ಮತ್ತು ಪರವಾನಗಿ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಉದ್ದದ ಕಾಲುವೆ ಮತ್ತು ನದಿ ಮಾರ್ಗಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯು ನಿರ್ವಹಿಸುತ್ತದೆ. 2012ರ ಜುಲೈ ತಿಂಗಳಲ್ಲಿ ಈ ಸಂಸ್ಥೆಯು ಅಲ್ಲಿಯವರೆಗೆ ಕಾರ್ಯನಿರ್ವಹಿಸುತ್ತಿದ್ದ ಬ್ರಿಟಿಷ್ ವಾಟರ್‌ವೇಸ್‌ನಿಂದ ಹೊಣೆಯನ್ನು ವಹಿಸಿಕೊಂಡಿತು. ಸ್ಕಾಟ್ಲೆಂಡಿನ ಕಾಲುವೆಗಳು ಸ್ಕಾಟಿಷ್ ಕೆನಾಲ್ಸ್ ಸಂಸ್ಥೆಯ ಅಧೀನದಲ್ಲಿವೆ. ಥೇಮ್ಸ್ ನದಿಯ ಉಬ್ಬರವಿಳಿತವಿಲ್ಲದ ಭಾಗವನ್ನು ಎನ್ವಿರಾನ್‌ಮೆಂಟ್ ಏಜೆನ್ಸಿಯು ನೋಡಿಕೊಳ್ಳುತ್ತದೆ. ದೋಣಿಯು ಯಾವ ಜಲಮಾರ್ಗದಲ್ಲಿ ಇರುವುದೋ ಆ ಜಲಮಾರ್ಗದ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು.

ಟ್ರಸ್ಟ್‌ನ ಪರವಾನಗಿಗೆ ಅರ್ಜಿ ಸಲ್ಲಿಸುವವರು ಮುಖ್ಯವಾಗಿ ಈ ಕೆಳಕಂಡ ಮೂರು ಅಂಶಗಳನ್ನು ಪೂರೈಸಬೇಕಾಗುತ್ತದೆ:

ಅ) ಚಾಲ್ತಿಯಲ್ಲಿರುವ ದೋಣಿ ಸುರಕ್ಷತಾ ಪ್ರಮಾಣಪತ್ರ. ಬೋಟ್ ಸೇಫ್ಟಿ ಸ್ಕೀಮ್ ಎಂಬ ಯೋಜನೆಯಡಿ ಪರೀಕ್ಷಕರು ದೋಣಿಯನ್ನು ತಪಾಸಣೆ ಮಾಡಿದ ನಂತರ ಇದನ್ನು ನೀಡಲಾಗುತ್ತದೆ. ಇದರ ಅವಧಿ ನಾಲ್ಕು ವರ್ಷ.

ಆ) ಮೂರನೆಯ ವ್ಯಕ್ತಿಗಳಿಗೆ ಆಗಬಹುದಾದ ಹಾನಿಯ ವಿಮೆ. ಇದರ ಮೊತ್ತ ಕನಿಷ್ಠ 20 ಲಕ್ಷ ಪೌಂಡ್ ಇರತಕ್ಕದ್ದು.

ಇ) ದೋಣಿಗೆ ಒಂದು ಖಾಯಂ ತಂಗುದಾಣ, ಇಲ್ಲವೇ ನಿರಂತರವಾಗಿ ಸಂಚರಿಸುತ್ತಿರುವುದಾಗಿ ಒಪ್ಪಿಗೆ. ಎರಡನೆಯ ವರ್ಗದವರು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆಯ ಪ್ರಕಾರ ಒಂದೇ ಸ್ಥಳದಲ್ಲಿ ಸಾಮಾನ್ಯವಾಗಿ ಸತತ 14 ದಿನಗಳಿಗಿಂತ ಹೆಚ್ಚು ಕಾಲ ತಂಗುವಂತಿಲ್ಲ.

ಹಿಂಬದಿಯ ಹೊದಿಕೆಯು ಈ ಮೂರರ ಪಟ್ಟಿಯಲ್ಲಿ ಇಲ್ಲ. ಆದರೂ ಅದು ಮೊದಲನೆಯ ಅಂಶವಾದ ಸುರಕ್ಷತಾ ಪ್ರಮಾಣಪತ್ರದೊಂದಿಗೆ ನೇರವಾದ ಸಂಬಂಧ ಹೊಂದಿದೆ. ಪ್ರಮಾಣಪತ್ರವು ತಪಾಸಣೆಯ ದಿನದಂದು ದೋಣಿ ಇದ್ದ ಸ್ಥಿತಿಗೆ ಸಂಬಂಧಿಸಿದ್ದು. ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿ ದೋಣಿಯನ್ನು ಸುರಕ್ಷತಾ ಷರತ್ತುಗಳಿಗೆ ಅನುಗುಣವಾಗಿ ಇರಿಸಿಕೊಳ್ಳುವ ಹೊಣೆ ಮಾಲೀಕರದೇ ಆಗಿರುತ್ತದೆ. ಹೊದಿಕೆ ಹಾಕಿದ ಕಾರಣದಿಂದ ಸಿಲಿಂಡರ್ ಇಡುವ ಜಾಗ ಅಥವಾ ಗಾಳಿಯಾಟದ ವ್ಯವಸ್ಥೆ ಷರತ್ತಿಗೆ ಹೊರತಾದರೆ, ಕೈಯಲ್ಲಿ ಪ್ರಮಾಣಪತ್ರ ಇದ್ದರೂ ದೋಣಿ ಸುರಕ್ಷಿತವೆನಿಸುವುದಿಲ್ಲ.

3. ಹಿಂಬದಿಯ ಮೂರು ವಿಧಗಳು

ನ್ಯಾರೋಬೋಟ್‌ನ ಅಗಲ ಸಾಮಾನ್ಯವಾಗಿ 6 ಅಡಿ 10 ಅಂಗುಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ತನ್ನ ಕಾಲುವೆಗಳ ಲಾಕ್‌ಗಳನ್ನು, ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕಟ್ಟೆಗಳನ್ನು, ಸುಮಾರು 7 ಅಡಿ ಅಗಲಕ್ಕೆ ಕಟ್ಟಿದ್ದೇ ಇದಕ್ಕೆ ಕಾರಣ. ಈ ಅಳತೆಯ ಮಿತಿಯೊಳಗೆ ಹಿಂಬದಿಯನ್ನು ಮೂರು ಬಗೆಯಲ್ಲಿ ಕಟ್ಟಲಾಗುತ್ತದೆ.

ಮೊದಲನೆಯದು ಸಾಂಪ್ರದಾಯಿಕ ಹಿಂಬದಿ. ಸರಕು ಸಾಗಿಸುತ್ತಿದ್ದ ಹಳೆಯ ದೋಣಿಗಳ ಮಾದರಿಯಲ್ಲಿ ಕೋಣೆಯು ಬಹುತೇಕ ಕೊನೆಯವರೆಗೂ ಚಾಚಿಕೊಂಡಿರುತ್ತದೆ. ನಡೆಸುವವರು ಬಾಗಿಲ ಚೌಕಟ್ಟಿನೊಳಗೆ ನಿಲ್ಲುತ್ತಾರೆ. ಹೊರಗೆ ಉಳಿಯುವ ಡೆಕ್ ಬಹಳ ಚಿಕ್ಕದಾದುದರಿಂದ ದೊಡ್ಡ ಹೊದಿಕೆಗೆ ಇಲ್ಲಿ ಅವಕಾಶ ಕಡಿಮೆ. ಬಾಗಿಲಿನ ಮೇಲೆ ಒಂದು ಸಣ್ಣ ಮರೆ ಸಾಕಾಗುತ್ತದೆ.

ಎರಡನೆಯದು ಕ್ರೂಸರ್ ಹಿಂಬದಿ. ಇದು ವಿಹಾರಕ್ಕಾಗಿ ದೋಣಿ ಬಳಸುವ ಪದ್ಧತಿ ಬೆಳೆದ ಮೇಲೆ ಜನಪ್ರಿಯವಾದ ವಿನ್ಯಾಸ. ಹಲವರು ಒಟ್ಟಿಗೆ ನಿಲ್ಲಬಹುದಾದ ತೆರೆದ ಡೆಕ್ ಇದ್ದು, ಸುತ್ತಲೂ ಕೇವಲ ಕಂಬಿ ಇರುತ್ತದೆ. ಎಂಜಿನ್ ಈ ಡೆಕ್ಕಿನ ಹಲಗೆಗಳ ಕೆಳಗಿರುತ್ತದೆ. ಮಳೆಯ ತೊಂದರೆ ಹೆಚ್ಚಾಗಿರುವುದೂ, ಹೊದಿಕೆಯ ಬೇಡಿಕೆ ಹೆಚ್ಚಾಗಿರುವುದೂ ಈ ವಿಧದ ದೋಣಿಗಳಿಗೇ.

ಮೂರನೆಯದು ಅರೆ ಸಾಂಪ್ರದಾಯಿಕ ಹಿಂಬದಿ. ಹೊರಗಿನಿಂದ ನೋಡಲು ಸಾಂಪ್ರದಾಯಿಕ ದೋಣಿಯಂತೆ ಕಂಡರೂ ಎರಡು ಪಕ್ಕದ ಗೋಡೆಗಳ ನಡುವೆ ಮೇಲ್ಛಾವಣಿ ಇಲ್ಲದ ಡೆಕ್ ಇರುತ್ತದೆ. ಪಕ್ಕದ ಗೋಡೆಗಳು ಗಾಳಿಯನ್ನು ಈಗಾಗಲೇ ತಡೆಯುವುದರಿಂದ ಇಲ್ಲಿ ಹೊದಿಕೆ ಚಿಕ್ಕದಾಗಿಯೂ ಗಟ್ಟಿಯಾಗಿಯೂ ನಿಲ್ಲುತ್ತದೆ. ಅದೇ ಕಾರಣದಿಂದ ಒಳಗೆ ಸೇರಿದ ಹೊಗೆ ಬೇಗನೆ ಹೊರಹೋಗುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡತಕ್ಕದ್ದು.

4. ಹೊದಿಕೆಯ ವಿಧಗಳು ಮತ್ತು ಸಾಮಗ್ರಿ

ಸಮತಟ್ಟಾದ ಹೊದಿಕೆಯನ್ನು ಡೆಕ್ಕಿನ ಮೇಲೆ ಕಂಬಿಯಿಂದ ಕಂಬಿಗೆ ಬಿಗಿಯಾಗಿ ಎಳೆದು ಕಟ್ಟಲಾಗುತ್ತದೆ. ಇದರ ಕೆಳಗೆ ಮನುಷ್ಯರು ನಿಲ್ಲಲು ಆಗುವುದಿಲ್ಲ. ದೋಣಿಯನ್ನು ಬಿಟ್ಟು ಹೋಗುವಾಗ ಎಂಜಿನ್ ಭಾಗಕ್ಕೆ ನೀರು ಇಳಿಯದಂತೆ ಮಾಡುವುದಷ್ಟೇ ಇದರ ಕೆಲಸ. ಬೆಲೆ ಕಡಿಮೆ, ಅಪಾಯವೂ ಕಡಿಮೆ. ಆದರೆ ನಡುವೆ ಆಸರೆ ಇಲ್ಲದಿದ್ದರೆ ಮಳೆನೀರು ನಿಂತು ಬಟ್ಟೆ ಜೋತುಬೀಳುತ್ತದೆ.

ಪ್ರಾಮ್ ಹುಡ್ ಎಂಬುದು ಮಗುವಿನ ತಳ್ಳುಗಾಡಿಯ ಚಾವಣಿಯಂತೆ ಮಡಚಬಹುದಾದ ಹೊದಿಕೆ. ಬಾಗಿದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳ ಚೌಕಟ್ಟಿನ ಮೇಲೆ ಬಟ್ಟೆಯನ್ನು ಹೊದಿಸಿ, ಪಕ್ಕಗಳಿಗೆ ಪಾರದರ್ಶಕ ಕಿಟಕಿಗಳನ್ನು ಹೊಲಿಯಲಾಗುತ್ತದೆ. ಎತ್ತಿದಾಗ ಆಳೆತ್ತರದ ಕೋಣೆಯಾಗುತ್ತದೆ. ಮುಂದಿನ ಭಾಗಗಳಲ್ಲಿ ಹೊದಿಕೆ ಎಂದು ಹೇಳಿರುವುದು ಮುಖ್ಯವಾಗಿ ಈ ವಿಧಕ್ಕೆ ಅನ್ವಯಿಸುತ್ತದೆ.

ಬಟ್ಟೆಯಲ್ಲಿ ಎರಡು ಬಗೆಗಳು ಹೆಚ್ಚಾಗಿ ಬಳಕೆಯಲ್ಲಿವೆ. ಅಕ್ರಿಲಿಕ್ ಕ್ಯಾನ್ವಾಸ್‌ನಲ್ಲಿ ನೂಲಿಗೇ ಬಣ್ಣ ಸೇರಿರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ, ಮತ್ತು ಬಟ್ಟೆಯ ಮೂಲಕ ತೇವಾಂಶ ಸ್ವಲ್ಪಮಟ್ಟಿಗೆ ಹೊರಹೋಗುತ್ತದೆ. ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆಯು ನೀರನ್ನು ಪೂರ್ಣವಾಗಿ ತಡೆಯುತ್ತದೆ ಮತ್ತು ಒರೆಸಲು ಸುಲಭ. ಆದರೆ ಒಳಮೈಯಲ್ಲಿ ಹನಿಗಟ್ಟುವುದು ಹೆಚ್ಚು. ಸಾಧಾರಣ ಟಾರ್ಪಾಲಿನ್ ತಾತ್ಕಾಲಿಕವಾಗಿ ಉಪಯೋಗಕ್ಕೆ ಬಂದರೂ ಗಾಳಿಗೆ ಬಡಿದು ಬೇಗನೆ ಹರಿಯುತ್ತದೆ ಮತ್ತು ದೋಣಿಯ ಬಣ್ಣವನ್ನು ಉಜ್ಜಿ ಹಾಳುಮಾಡುತ್ತದೆ.

ಬಟ್ಟೆಗಿಂತ ಮೊದಲು ಹಾಳಾಗುವುದು ಬಹುತೇಕ ಹೊಲಿಗೆ ಮತ್ತು ಜಿಪ್. ಆದುದರಿಂದ ಹೊರಾಂಗಣದ ಬಿಸಿಲನ್ನು ತಾಳುವ ದಾರವನ್ನು ಬಳಸಲಾಗಿದೆಯೇ, ಜಿಪ್‌ಗಳು ದಪ್ಪ ಹಲ್ಲಿನ ಪ್ಲಾಸ್ಟಿಕ್‌ನವೇ ಎಂಬುದನ್ನು ತಯಾರಕರಿಂದ ಕೇಳಿ ತಿಳಿಯಬೇಕು. ಉಕ್ಕಿನ ಮೈಯಲ್ಲಿ ರಂಧ್ರ ಕೊರೆದು ಗುಂಡಿಗಳನ್ನು ಕೂರಿಸುವಾಗ ರಂಧ್ರದ ಅಂಚಿಗೆ ಬಣ್ಣ ಮತ್ತು ಸೀಲೆಂಟ್ ಹಚ್ಚದಿದ್ದರೆ ಒಂದೆರಡು ಚಳಿಗಾಲಗಳಲ್ಲಿ ಅಲ್ಲಿಂದಲೇ ತುಕ್ಕು ಆರಂಭವಾಗುತ್ತದೆ.

5. ಕಾರ್ಬನ್ ಮಾನಾಕ್ಸೈಡ್ ಅಪಾಯ

ಹೊದಿಕೆಗೆ ಸಂಬಂಧಿಸಿದ ಅಪಾಯಗಳಲ್ಲಿ ಇದು ಅತ್ಯಂತ ಗಂಭೀರವಾದುದು. ಇಂಧನ ಅಪೂರ್ಣವಾಗಿ ಉರಿದಾಗ ಉಂಟಾಗುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಉಸಿರಾಟದ ತೊಂದರೆ, ಅತಿಯಾದ ಆಯಾಸ ಇದರ ಲಕ್ಷಣಗಳು. ಇವು ಸಾಮಾನ್ಯ ಜ್ವರದ ಲಕ್ಷಣಗಳಂತೆಯೇ ಇರುವುದರಿಂದ ಜನರು ಮೋಸಹೋಗುತ್ತಾರೆ. ನಿದ್ರೆಯಲ್ಲಿರುವವರಿಗೆ ಲಕ್ಷಣಗಳು ತಿಳಿಯುವುದೇ ಇಲ್ಲ.

ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಶಾಖೆಯ ವರದಿಗಳು ಈ ಅಪಾಯವು ಊಹೆಯದಲ್ಲ ಎಂಬುದನ್ನು ತೋರಿಸುತ್ತವೆ. 2013ರ ಏಪ್ರಿಲ್‌ನಲ್ಲಿ ವಿಂಡರ್‌ಮೀರ್ ಸರೋವರದಲ್ಲಿ ಆರ್ನಿಸ್ಟನ್ ಎಂಬ ಮೋಟಾರು ದೋಣಿಯಲ್ಲಿ ಇಬ್ಬರು ಮೃತಪಟ್ಟರು. ಸಾಗಿಸಬಹುದಾದ ಜನರೇಟರ್ ಒಂದಕ್ಕೆ ಮಾರ್ಪಡಿಸಿ ಜೋಡಿಸಿದ್ದ ಹೊಗೆಕೊಳವೆಯಿಂದ ಹೊರಬಿದ್ದ ಅನಿಲ ಅದಕ್ಕೆ ಕಾರಣವಾಗಿತ್ತು. 2016ರ ಜೂನ್‌ನಲ್ಲಿ ನಾರ್ಫೋಕ್ ಬ್ರಾಡ್ಸ್ ಪ್ರದೇಶದ ರಾಕ್ಸಂ ಬಳಿ ತಂಗಿದ್ದ ಲವ್ ಫಾರ್ ಲಿಡಿಯಾ ಎಂಬ ದೋಣಿಯಲ್ಲಿ ಇನ್ನಿಬ್ಬರು ಮೃತಪಟ್ಟರು. ಅಲ್ಲಿ ದೋಣಿಯ ಎಂಜಿನ್ನಿನ ಹೊಗೆಯೇ ಒಳಹೊಕ್ಕಿತ್ತು. ಆ ದೋಣಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿಲ್ಲ. ಇವೆರಡೂ ನ್ಯಾರೋಬೋಟ್‌ಗಳಲ್ಲ. ಆದರೆ ಹೊರಗೆ ಹೋಗಬೇಕಾದ ಹೊಗೆ ಜನರಿರುವ ಜಾಗಕ್ಕೆ ಬಂದದ್ದೇ ಎರಡರಲ್ಲಿಯೂ ಸಾವಿಗೆ ಕಾರಣ. ಹಿಂಬದಿಗೆ ಹೊದಿಕೆ ಹಾಕುವವರು ಎದುರಿಸುವ ಪ್ರಶ್ನೆಯೂ ಇದೇ ಆಗಿದೆ.

ಬಹುತೇಕ ನ್ಯಾರೋಬೋಟ್‌ಗಳಲ್ಲಿ ಡೀಸೆಲ್ ಎಂಜಿನ್ ಇದ್ದು, ಹೊಗೆಕೊಳವೆಯ ಬಾಯಿ ಹಿಂಬದಿಯಲ್ಲಿ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ತೆರೆದುಕೊಂಡಿರುತ್ತದೆ. ಹೊದಿಕೆಯ ಕೆಳಅಂಚು ಅದರ ಸಮೀಪದಲ್ಲಿಯೇ ಇರುತ್ತದೆ. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ ಕಡಿಮೆ ಕಾರ್ಬನ್ ಮಾನಾಕ್ಸೈಡ್ ಹೊರಬಿಡುತ್ತದೆ ಎಂಬುದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ವಿದ್ಯುತ್ ಸಂಪರ್ಕವಿಲ್ಲದ ತಂಗುದಾಣಗಳಲ್ಲಿ ಇರುವವರು ಚಳಿಗಾಲದಲ್ಲಿ ಬ್ಯಾಟರಿ ಚಾರ್ಜ್ ಮಾಡಲು ದಿನವೂ ಗಂಟೆಗಟ್ಟಲೆ ಎಂಜಿನ್ ಓಡಿಸುತ್ತಾರೆ. ಅದೇ ಹೊತ್ತಿನಲ್ಲಿ ಚಳಿಗಾಗಿ ಹೊದಿಕೆಯನ್ನೂ ಮುಚ್ಚಿರುತ್ತಾರೆ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ, ಅಥವಾ ದೋಣಿಯು ಎತ್ತರದ ಗೋಡೆಯ ಪಕ್ಕದಲ್ಲಿ ತಂಗಿದ್ದರೆ, ಹೊಗೆ ಸುರುಳಿಯಾಗಿ ಹೊದಿಕೆಯೊಳಗೆ ನುಗ್ಗಿ ಅಲ್ಲಿಂದ ಬಾಗಿಲಿನ ಮೂಲಕ ಮಲಗುವ ಕೋಣೆಗೆ ಹೋಗಬಹುದು.

ಆದುದರಿಂದ ಮಾಲೀಕರು ಈ ಕೆಳಕಂಡ ಕ್ರಮಗಳನ್ನು ತಪ್ಪದೆ ಅನುಸರಿಸತಕ್ಕದ್ದು:

ಅ) ಎಂಜಿನ್ ಓಡುತ್ತಿರುವಾಗ ಹೊದಿಕೆಯನ್ನು ಪೂರ್ಣವಾಗಿ ಮುಚ್ಚಬಾರದು. ಒಂದು ಕಡೆ ಮಾತ್ರ ತೆರೆದರೆ ಹೊಗೆ ಒಳಗೆ ಬಂದು ಅಲ್ಲಿಯೇ ಉಳಿಯಬಹುದು. ಗಾಳಿ ಅಡ್ಡಹಾಯುವಂತೆ ಎರಡು ಪಕ್ಕಗಳನ್ನು ತೆರೆಯುವುದು ಅಥವಾ ಹೊದಿಕೆಯನ್ನೇ ಮಡಚುವುದು ಸೂಕ್ತ.

ಆ) ಹೊಗೆಕೊಳವೆಯ ಬಾಯಿ ಮತ್ತು ಡೀಸೆಲ್ ಹೀಟರಿನ ಹೊಗೆಕಿಂಡಿಯು ಯಾವ ಕಾರಣಕ್ಕೂ ಹೊದಿಕೆಯ ಒಳಗೆ ಬರಬಾರದು.

ಇ) ಜನರೇಟರ್, ಇದ್ದಿಲ ಒಲೆ, ಬಾರ್ಬೆಕ್ಯೂ ಮುಂತಾದವುಗಳನ್ನು ಹೊದಿಕೆಯ ಕೆಳಗೆ ಬಳಸಬಾರದು. ಆರಿದಂತೆ ಕಾಣುವ ಇದ್ದಿಲು ಕೂಡ ಬಹಳ ಹೊತ್ತು ಈ ಅನಿಲವನ್ನು ಬಿಡುತ್ತಲೇ ಇರುತ್ತದೆ. ಆದುದರಿಂದ ಮಳೆ ಬಂತೆಂದು ಬಾರ್ಬೆಕ್ಯೂವನ್ನು ಹೊದಿಕೆಯ ಒಳಕ್ಕೆ ತಂದಿಡಬಾರದು.

ಈ) ಕೋಣೆಯೊಳಗೆ ದೋಣಿಗಳಿಗೆ ಸೂಕ್ತವೆಂದು ಪ್ರಮಾಣೀಕರಿಸಿದ ಅಲಾರಂ ಇರತಕ್ಕದ್ದು. 2019ರ ಏಪ್ರಿಲ್ 1ರಿಂದ ವಾಸದ ಕೋಣೆ ಇರುವ ದೋಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರುವುದನ್ನು ಸುರಕ್ಷತಾ ತಪಾಸಣೆಯಲ್ಲಿ ಕಡ್ಡಾಯಗೊಳಿಸಲಾಗಿದೆ. ಅದರ ಪರೀಕ್ಷಾ ಗುಂಡಿಯನ್ನು ನಿಯಮಿತವಾಗಿ ಒತ್ತಿ ನೋಡಬೇಕು.

ಅಲಾರಂ ಮೊಳಗಿದರೆ ಅಥವಾ ಮೇಲ್ಕಂಡ ಲಕ್ಷಣಗಳು ಕಂಡುಬಂದರೆ ಸಾಧ್ಯವಾದರೆ ಎಂಜಿನ್ ಮತ್ತು ಒಲೆಗಳನ್ನು ನಿಲ್ಲಿಸಿ, ಬಾಗಿಲುಗಳನ್ನು ತೆರೆದು, ಎಲ್ಲರೂ ಕೂಡಲೇ ತೆರೆದ ಗಾಳಿಗೆ ಬಂದು, 999 ಸಂಖ್ಯೆಗೆ ಕರೆ ಮಾಡತಕ್ಕದ್ದು. ಕಾರಣ ಪತ್ತೆಯಾಗುವವರೆಗೆ ದೋಣಿಯೊಳಗೆ ಮರಳಬಾರದು.

6. ಅಡುಗೆ ಅನಿಲ, ಪೆಟ್ರೋಲ್ ಮತ್ತು ಗಾಳಿಕಿಂಡಿಗಳು

ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಾಗ ಅದು ಮೇಲೇರದೆ ತಗ್ಗಿನ ಕಡೆಗೆ ನೀರಿನಂತೆ ಹರಿಯುತ್ತದೆ. ಅದಕ್ಕಾಗಿಯೇ ಸಿಲಿಂಡರ್‌ಗಳನ್ನು ಅನಿಲ ಒಳಸೋರದ ಪೆಟ್ಟಿಗೆಯಲ್ಲಿ ಇಟ್ಟು ಅದರ ತಳದಿಂದ ದೋಣಿಯ ಹೊರಕ್ಕೆ ದಾರಿ ಮಾಡಿರಬೇಕು, ಇಲ್ಲವೇ ಸೋರಿದ ಅನಿಲ ತಡೆಯಿಲ್ಲದೆ ನೀರಿನ ಕಡೆಗೆ ಹರಿದುಹೋಗುವಂಥ ತೆರೆದ ಜಾಗದಲ್ಲಿ ಇಡಬೇಕು ಎಂಬುದು ಸುರಕ್ಷತಾ ಯೋಜನೆಯ ನಿಯಮ. ಹಲವು ದೋಣಿಗಳಲ್ಲಿ ಸಿಲಿಂಡರ್ ಮುಂಭಾಗದಲ್ಲಿರುತ್ತದೆ. ಆದರೆ ತೆರೆದ ಹಿಂಬದಿಯ ಡೆಕ್ಕಿನಲ್ಲಿ ಸಿಲಿಂಡರ್ ಇರುವ ದೋಣಿಗೆ ಹೊದಿಕೆ ಹಾಕಿದರೆ, ಆ ಜಾಗ ತೆರೆದ ಜಾಗವಾಗಿ ಉಳಿಯುವುದಿಲ್ಲ. ಸೋರಿದ ಅನಿಲ ಡೆಕ್ಕಿನ ಹಲಗೆಗಳ ಸಂದಿನಿಂದ ನೇರವಾಗಿ ಎಂಜಿನ್ ಮತ್ತು ಬ್ಯಾಟರಿಗಳಿರುವ ತಳಕ್ಕೆ ಇಳಿಯಬಹುದು. ಇಂಥ ದೋಣಿಗಳಲ್ಲಿ ಹೊದಿಕೆಗೆ ಮೊದಲು ಸಿಲಿಂಡರ್‌ನ ಸ್ಥಳವನ್ನು ಸರಿಪಡಿಸಿಕೊಳ್ಳುವುದು ಅನಿವಾರ್ಯ.

ಪೆಟ್ರೋಲ್ ಡಬ್ಬಿಗಳನ್ನೂ ಪೆಟ್ರೋಲ್ ಜನರೇಟರನ್ನೂ ಹೊದಿಕೆಯ ಕೆಳಗೆ ಸಂಗ್ರಹಿಸುವುದು ಇದೇ ಕಾರಣಕ್ಕೆ ಅಪಾಯಕಾರಿ. ಪೆಟ್ರೋಲಿನ ಆವಿಯೂ ಗಾಳಿಗಿಂತ ಭಾರವಾಗಿದ್ದು ತಗ್ಗಿನಲ್ಲಿ ಶೇಖರವಾಗುತ್ತದೆ. ಡೀಸೆಲ್ ಟ್ಯಾಂಕಿನ ಗಾಳಿಕೊಳವೆಯ ಬಾಯಿ ಹೊದಿಕೆಯ ಹೊರಗೆ ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು.

ಒಲೆ ಮತ್ತು ಹೀಟರ್‌ಗಳಿಗೆ ಬೇಕಾದ ಗಾಳಿಯು ಕೋಣೆಗೆ ಬರುವುದು ಛಾವಣಿಯ ಅಣಬೆ ಆಕಾರದ ಕಿಂಡಿಗಳಿಂದ ಮತ್ತು ಬಾಗಿಲುಗಳ ಕೆಳಭಾಗದ ಸೀಳುಗಳಿಂದ. ಹಿಂದಿನ ಬಾಗಿಲಿನ ಸೀಳುಗಳು ಹೊದಿಕೆಯೊಳಗೆ ತೆರೆದುಕೊಂಡರೆ, ಹೊದಿಕೆ ಮುಚ್ಚಿದಾಗ ಆ ಗಾಳಿ ನಿಂತುಹೋಗುತ್ತದೆ. ಕಾಗದದ ಮೇಲೆ ಸಾಕಷ್ಟು ಗಾಳಿಕಿಂಡಿಗಳಿರುವ ದೋಣಿಯು ವಾಸ್ತವದಲ್ಲಿ ಅರ್ಧದಷ್ಟೇ ಗಾಳಿಯನ್ನು ಪಡೆಯುವಂತಾಗಬಹುದು. ಹೊದಿಕೆಯಲ್ಲಿಯೇ, ಮುಚ್ಚಲು ಬಾರದಂಥ ಬಲೆಯ ಗಾಳಿಕಿಂಡಿಗಳನ್ನು ಕೆಳಗೂ ಮೇಲೂ ಹೊಲಿಸಿಕೊಳ್ಳುವುದು ಇದಕ್ಕೆ ಪರಿಹಾರ. ಇದರಿಂದ ಒಳಮೈ ಹನಿಗಟ್ಟಿ ಬೂಷ್ಟು ಹಿಡಿಯುವುದೂ ತಪ್ಪುತ್ತದೆ. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಗಳಿಂದ ಹೊರಬರುವ ಹೈಡ್ರೋಜನ್ ಅನಿಲವೂ ಮೇಲಿನ ಕಿಂಡಿಯಿಂದ ಹೊರಹೋಗುತ್ತದೆ. ಆದರೆ ಎಂಜಿನ್ ಓಡುವಾಗ ಈ ಕಿಂಡಿಗಳನ್ನಷ್ಟೇ ನಂಬದೆ 5ನೆಯ ಭಾಗದಲ್ಲಿ ಹೇಳಿದಂತೆ ಹೊದಿಕೆಯನ್ನು ತೆರೆಯಲೇಬೇಕು.

7. ನಿರ್ಗಮನದ ದಾರಿ

ನ್ಯಾರೋಬೋಟ್‌ನಲ್ಲಿ ಸಾಮಾನ್ಯವಾಗಿ ಮುಂದೆ ಒಂದು, ಹಿಂದೆ ಒಂದು ಬಾಗಿಲು ಇರುತ್ತದೆ. 50 ಅಥವಾ 60 ಅಡಿ ಉದ್ದದ ದೋಣಿಯ ನಡುವೆ ಬೆಂಕಿ ಕಾಣಿಸಿಕೊಂಡರೆ ಹಿಂಭಾಗದಲ್ಲಿ ಮಲಗಿದವರಿಗೆ ಹಿಂಬಾಗಿಲು ಒಂದೇ ದಾರಿ. ಹೊದಿಕೆಯ ಗುಂಡಿಗಳನ್ನು ಹೊರಗಿನಿಂದ ಮಾತ್ರ ಬಿಚ್ಚಲು ಸಾಧ್ಯವಾದರೆ ಆ ದಾರಿ ಮುಚ್ಚಿದಂತೆಯೇ ಸರಿ. ಜಿಪ್‌ಗಳು ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವಂತಿರತಕ್ಕದ್ದು. ಮನೆಯವರೆಲ್ಲರೂ, ಮಕ್ಕಳು ಸೇರಿದಂತೆ, ಕತ್ತಲಲ್ಲಿ ಕೈಯಿಂದ ತಡಕಿ ಅದನ್ನು ತೆರೆಯಲು ಒಮ್ಮೆಯಾದರೂ ಅಭ್ಯಾಸ ಮಾಡಿರಬೇಕು. ಹೊದಿಕೆಯೊಳಗೆ ಸೈಕಲ್, ಕಲ್ಲಿದ್ದಲ ಚೀಲ, ಸೌದೆಗಳನ್ನು ತುಂಬಿ ಬಾಗಿಲಿಗೆ ಅಡ್ಡಿಮಾಡುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಇದನ್ನು ತಪ್ಪಿಸಬೇಕು.

8. ಸಂಚಾರದ ಸಮಯದಲ್ಲಿ

ಹೊದಿಕೆಯು ತಂಗಿರುವ ದೋಣಿಗಾಗಿ ಇರುವಂಥದ್ದು. ಸಂಚರಿಸುವಾಗ ಅದನ್ನು ಮಡಚಿಡುವುದೇ ಉತ್ತಮ ಪದ್ಧತಿ. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ದೃಷ್ಟಿ: ಮಳೆಹನಿ ಮತ್ತು ಆವಿಯಿಂದ ಮಸುಕಾದ ಪ್ಲಾಸ್ಟಿಕ್ ಕಿಟಕಿಯ ಮೂಲಕ, ಹತ್ತಾರು ಅಡಿ ಮುಂದಿರುವ ದೋಣಿಯ ತುದಿಯನ್ನೂ ಅದರಾಚೆಯ ಸಣ್ಣ ದೋಣಿಯನ್ನೂ ಕಾಣುವುದು ಕಷ್ಟ. ಎರಡನೆಯದು ಓಡಾಟ: ಲಾಕ್‌ನೊಳಗೆ ನೀರು ಇಳಿಯುವಾಗ ದೋಣಿಯ ಹಿಂಬದಿಯು ಕಟ್ಟೆಯ ಅಂಚಿಗೆ ಸಿಕ್ಕಿಕೊಂಡರೆ ಕ್ಷಣಾರ್ಧದಲ್ಲಿ ಕೂಗಿ ಹೇಳಬೇಕು, ಹೊರಗೆ ನೆಗೆಯಬೇಕು. ಮೂರನೆಯದು ಎತ್ತರ.

ಕಾಲುವೆಗಳ ಸೇತುವೆಗಳೂ ಸುರಂಗಗಳೂ ಬಹಳ ತಗ್ಗು. ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ಹೇರ್‌ಕ್ಯಾಸಲ್ ಸುರಂಗ ಇದಕ್ಕೆ ಉದಾಹರಣೆ. ಥಾಮಸ್ ಟೆಲ್ಫರ್ಡ್ ಕಟ್ಟಿಸಿದ ಈಗಿನ ಸುರಂಗವು 1827ರಲ್ಲಿ ತೆರೆಯಲ್ಪಟ್ಟಿತು. ಸುಮಾರು 2.7 ಕಿಲೋಮೀಟರ್ ಉದ್ದದ ಈ ಸುರಂಗದ ಛಾವಣಿಯು ನೆಲ ಕುಸಿದ ಕಾರಣದಿಂದ ಕೆಲವೆಡೆ ತೀರ ತಗ್ಗಾಗಿದೆ. ಪ್ರವೇಶಕ್ಕೆ ಮೊದಲು ದೋಣಿಯ ಎತ್ತರವನ್ನು ಅಳತೆಯ ಗುರುತಿನೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ. ಡೀಸೆಲ್ ದೋಣಿಗಳ ಹೊಗೆಯನ್ನು ಹೊರಹಾಕಲು 1954ರಲ್ಲಿ ಅಲ್ಲಿ ದೊಡ್ಡ ಫ್ಯಾನುಗಳನ್ನು ಅಳವಡಿಸಲಾಯಿತು. ಒಂದು ಸುರಂಗಕ್ಕೇ ಫ್ಯಾನು ಬೇಕಾಗುವಾಗ, ನಾಲ್ಕು ಮಾರು ಬಟ್ಟೆಯೊಳಗೆ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು. ಕಾಲ್ಡನ್ ಕಾಲುವೆಯ ಫ್ರಾಗ್‌ಹಾಲ್ ಸುರಂಗವು ಇನ್ನೂ ತಗ್ಗಾಗಿದ್ದು, ಅನೇಕ ದೋಣಿಗಳು ಅದರ ಮೂಲಕ ಹೋಗಲಾರವು.

ಮಡಚಿದ ಹೊದಿಕೆಯೂ ಒಂದು ಎತ್ತರವನ್ನು ಹೊಂದಿರುತ್ತದೆ. ಚೌಕಟ್ಟು ಮಡಚಿದಾಗ ದೋಣಿಯ ಛಾವಣಿಯ ಮಟ್ಟಕ್ಕಿಂತ ಮೇಲೆ ನಿಲ್ಲದಂತೆಯೂ, ಪಕ್ಕಕ್ಕೆ ದೋಣಿಯ ಅಗಲವನ್ನು ಮೀರದಂತೆಯೂ ಇರಬೇಕೆಂದು ತಯಾರಕರಿಗೆ ಮೊದಲೇ ಹೇಳತಕ್ಕದ್ದು. 7 ಅಡಿಯ ಲಾಕ್‌ನಲ್ಲಿ 6 ಅಡಿ 10 ಅಂಗುಲದ ದೋಣಿಗೆ ಎರಡೂ ಪಕ್ಕಗಳಲ್ಲಿ ತಲಾ ಒಂದು ಅಂಗುಲದಷ್ಟೇ ಎಡೆ ಇರುತ್ತದೆ. ಹೊರಚಾಚಿದ ಒಂದು ಗುಂಡಿಯೂ ಗೋಡೆಗೆ ತಗುಲಿ ಕಿತ್ತುಬರಬಹುದು.

9. ಅಳತೆ, ಅಳವಡಿಕೆ ಮತ್ತು ನಿರ್ವಹಣೆ

ಒಂದೇ ಮಾದರಿಯ ಎರಡು ದೋಣಿಗಳ ಹಿಂಬದಿಯೂ ಅಳತೆಯಲ್ಲಿ ಸರಿಸಮಾನವಾಗಿರುವುದಿಲ್ಲ. ಹಾಗಾಗಿ ತಯಾರಕರು ದೋಣಿಯ ಬಳಿಗೇ ಬಂದು ಮೊದಲು ಚೌಕಟ್ಟನ್ನು ನಿಲ್ಲಿಸಿ, ಅದರ ಮೇಲೆ ಮಾದರಿ ಹಾಳೆಯನ್ನು ಹರಡಿ ಅಳತೆ ತೆಗೆದುಕೊಳ್ಳುವುದು ವಾಡಿಕೆ. ಆ ದಿನ ಮಾಲೀಕರು ಸ್ಥಳದಲ್ಲಿರುವುದು ಒಳ್ಳೆಯದು. ಚುಕ್ಕಾಣಿಯ ಹಿಡಿಯನ್ನು ಕಳಚಿಡಲಾಗುತ್ತದೆಯೇ, ಅದರ ಬಾಗಿದ ಕಂಬಕ್ಕೆ ಬಟ್ಟೆಯಲ್ಲಿ ಸೀಳು ಬೇಕೇ, ಯಾವ ಪಕ್ಕದಿಂದ ದಡಕ್ಕೆ ಇಳಿಯುವುದು ಹೆಚ್ಚು, ಎಂಜಿನ್ ಮುಚ್ಚಳ ತೆರೆಯಲು ಎಷ್ಟು ಜಾಗ ಬೇಕು ಎಂಬುವನ್ನು ಆಗಲೇ ತಿಳಿಸಬೇಕು. ದಡವು ಯಾವಾಗಲೂ ಒಂದೇ ಪಕ್ಕದಲ್ಲಿ ಇರುವುದಿಲ್ಲವಾದುದರಿಂದ ಎರಡೂ ಪಕ್ಕಗಳಲ್ಲಿ ಬಾಗಿಲು ಇರುವುದು ಅನುಕೂಲ.

ಹೊದಿಕೆಯು ಗಾಳಿಗೆ ಹಾಯಿಯಂತೆ ವರ್ತಿಸುತ್ತದೆ. ಬಿರುಗಾಳಿಯ ಮುನ್ಸೂಚನೆ ಇದ್ದಾಗ ಅದನ್ನು ಮಡಚುವುದು ಅಥವಾ ಹಗ್ಗಗಳನ್ನು ಬಿಗಿಗೊಳಿಸುವುದು ಅವಶ್ಯ. ಪಾರದರ್ಶಕ ಕಿಟಕಿಗಳನ್ನು ಮಡಚಬಾರದು, ಸುರುಳಿ ಸುತ್ತಬೇಕು. ಚಳಿಯಲ್ಲಿ ಮಡಚಿದ ಪ್ಲಾಸ್ಟಿಕ್ ಸೀಳುತ್ತದೆ. ಬಟ್ಟೆಯನ್ನು ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು ಮತ್ತು ಮೆತ್ತನೆಯ ಬ್ರಷ್ ಸಾಕು. ಬಿರುಸಾದ ನೀರಿನ ಪಂಪು ಹಾಗೂ ಬಲವಾದ ಮಾರ್ಜಕಗಳು ಬಟ್ಟೆಯ ನೀರು ತಡೆಯುವ ಗುಣವನ್ನು ಕಳೆಯುತ್ತವೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೊದಿಕೆ ಹಾಕಿಸಿದ ಕೂಡಲೇ ಹೊಸ ಸುರಕ್ಷತಾ ತಪಾಸಣೆ ಮಾಡಿಸಬೇಕೇ?
ಉತ್ತರ: ಹೊದಿಕೆಯಿಂದ ಗಾಳಿಕಿಂಡಿ, ಸಿಲಿಂಡರ್ ಅಥವಾ ಹೊಗೆಕೊಳವೆಗೆ ಬಾಧೆಯಿದೆಯೇ ಎಂಬ ಸಂಶಯವಿದ್ದಲ್ಲಿ, ಮುಂದಿನ ತಪಾಸಣೆಯ ದಿನಾಂಕಕ್ಕಾಗಿ ಕಾಯದೆ ಪರೀಕ್ಷಕರೊಬ್ಬರ ಸಲಹೆ ಪಡೆಯುವುದು ಉಚಿತ.

ಪ್ರಶ್ನೆ: ವಿಮಾ ಕಂಪನಿಗೆ ತಿಳಿಸಬೇಕೇ?
ಉತ್ತರ: ತಿಳಿಸುವುದು ಒಳ್ಳೆಯದು. ಹೊದಿಕೆಯ ಮೌಲ್ಯವು ವಿಮೆಯಲ್ಲಿ ಸೇರಿದೆಯೇ, ಬಿರುಗಾಳಿಯಿಂದಾದ ಹಾನಿಗೆ ಪರಿಹಾರವಿದೆಯೇ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಬೇಕು.

ಪ್ರಶ್ನೆ: ರಾತ್ರಿ ಹೊದಿಕೆ ಮುಚ್ಚಿ ಎಂಜಿನ್ ಓಡಿಸಬಹುದೇ?
ಉತ್ತರ: ಓಡಿಸಬಾರದು. ಸುರಕ್ಷತೆಯ ಕಾರಣದ ಜೊತೆಗೆ, ಟ್ರಸ್ಟ್‌ನ ಷರತ್ತುಗಳ ಪ್ರಕಾರ ರಾತ್ರಿ 8 ರಿಂದ ಬೆಳಗ್ಗೆ 8 ರವರೆಗೆ ಇತರರಿಗೆ ಕೇಳಿಸುವಂತೆ ತಂಗಿರುವ ದೋಣಿಯ ಎಂಜಿನ್ ಅಥವಾ ಜನರೇಟರ್ ಓಡಿಸುವಂತಿಲ್ಲ.

ಪ್ರಶ್ನೆ: ಹೊದಿಕೆಯೊಳಗೆ ಮಲಗಬಹುದೇ?
ಉತ್ತರ: ಮಲಗಬಾರದು. ಹೊಗೆ ಮತ್ತು ಅನಿಲ ಮೊದಲು ತಲುಪುವ ಜಾಗ ಅದು. ಕೋಣೆಯೊಳಗಿನ ಅಲಾರಂ ಅಲ್ಲಿ ಮಲಗಿದವರನ್ನು ಸಕಾಲದಲ್ಲಿ ಎಚ್ಚರಿಸುತ್ತದೆ ಎಂದು ನಂಬುವಂತಿಲ್ಲ.

11. ಹೊದಿಕೆಗೆ ಮುಂಗಡ ನೀಡುವ ಮೊದಲು ಪರಿಶೀಲಿಸಬೇಕಾದ ಅಂಶಗಳು

1) ಎಂಜಿನ್ ಮತ್ತು ಹೀಟರ್‌ಗಳ ಹೊಗೆಯ ಬಾಯಿಗಳು ಹೊದಿಕೆಯ ಹೊರಗಿವೆ.
2) ಸಿಲಿಂಡರ್‌ಗಳು ಹೊದಿಕೆಯ ಒಳಗಿಲ್ಲ, ಅಥವಾ ಹೊರಕ್ಕೆ ದಾರಿಯಿರುವ, ಅನಿಲ ಒಳಸೋರದ ಪೆಟ್ಟಿಗೆಯಲ್ಲಿವೆ.
3) ಹಿಂಬಾಗಿಲಿನ ಗಾಳಿಕಿಂಡಿಗಳಿಗೆ ಹೊದಿಕೆ ಮುಚ್ಚಿದಾಗಲೂ ಗಾಳಿ ದೊರೆಯುತ್ತದೆ.
4) ಜಿಪ್‌ಗಳು ಒಳಗಿನಿಂದ ತೆರೆಯುತ್ತವೆ. ದಾರಿಗೆ ಅಡ್ಡಿಯಿಲ್ಲ.
5) ಕೋಣೆಯಲ್ಲಿ ಕೆಲಸ ಮಾಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆ.
6) ಮಡಚಿದಾಗ ಹೊದಿಕೆಯು ದೋಣಿಯ ಎತ್ತರ ಮತ್ತು ಅಗಲವನ್ನು ಮೀರುವುದಿಲ್ಲ.
7) ತಂಗುದಾಣದ ಒಪ್ಪಂದದಲ್ಲಿ ಹೊದಿಕೆಗಳ ಬಗ್ಗೆ ಷರತ್ತುಗಳಿದ್ದರೆ ಅವುಗಳನ್ನು ಓದಲಾಗಿದೆ.

ಮೇಲ್ಕಂಡ ಏಳು ಅಂಶಗಳಿಗೂ ಹೌದು ಎಂಬ ಉತ್ತರ ದೊರೆತ ನಂತರವೇ ಬಟ್ಟೆಯ ಬಣ್ಣವನ್ನು ಆರಿಸಿಕೊಳ್ಳುವುದು ಕ್ರಮಬದ್ಧ. ಮಳೆಯನ್ನು ಹೊರಗಿಡುವ ಹೊದಿಕೆಯು ಗಾಳಿಯನ್ನೂ ಹೊರಗಿಡದಂತೆ ನೋಡಿಕೊಳ್ಳುವುದು ಮಾಲೀಕರ ಆದ್ಯ ಕರ್ತವ್ಯವಾಗಿರುತ್ತದೆ.